ಹಳಸಿದ ಹೂರಣ

ಯುದ್ಧದ ಕಾಲ. ಸಂತೇಬೆನ್ನೂರಿನ ನಮ್ಮ ಮನೆಯಲ್ಲಿ ಒಂದು ಹಿಡಿ ಅನ್ನವನ್ನೂ ಚೆಲ್ಲುವಂತಿರಲಿಲ್ಲ. ಹಾಲಿನ ಗಡಿಗೆಯನ್ನು ಒದ್ದೆ ಮರಳಿನ ಮೇಲೆ ಕೂರಿಸಿ ತೇವದ ಬಟ್ಟೆ ಸುತ್ತುತ್ತಿದ್ದೆವು. ಉಳಿದ ಸಾರನ್ನು ಮತ್ತೆ ಕುದಿಸಿ, ಬೆಕ್ಕಿಗೆ ಎಟುಕದಂತೆ ತೊಲೆಗೆ ಕಟ್ಟಿದ ನೆಲುವಿನಲ್ಲಿ ಇಡುತ್ತಿದ್ದೆವು. ಯಾವುದನ್ನು ಉಣ್ಣಬಹುದು, ಯಾವುದನ್ನು ದನಕ್ಕೆ ಹಾಕಬೇಕು ಎಂದು ಹೇಳುವವರು ನನ್ನ ಅತ್ತೆ. ಮುಚ್ಚಳ ಸರಿಸಿ ಒಮ್ಮೆ ಮೂಸಿದರೆ ಮುಗಿಯಿತು, ಅವರ ಮಾತಿಗೆ ಎದುರಿರಲಿಲ್ಲ.

ಆ ಚಳಿಗಾಲದಲ್ಲಿ ಅವರು ಜ್ವರದಿಂದ ಬಹಳ ದಿನ ಮಲಗಿದ್ದರು. ಎದ್ದು ಓಡಾಡುವಂತಾದ ಕೂಡಲೇ ಮತ್ತೆ ಅಡುಗೆಮನೆ ಸೇರಿದರು. ಯುಗಾದಿಯ ಮರುದಿನ ನಾನು ಬಟ್ಟೆ ಒಗೆದು ಬರುವಷ್ಟರಲ್ಲಿ ನನ್ನ ಗಂಡ ಹಬ್ಬದ ಹೂರಣ ತಿಂದಿದ್ದರು. ಸ್ವಲ್ಪ ಹುಳಿ ಎನ್ನಿಸಿದರೂ, ಅವ್ವ ನೋಡಿಯೇ ಕೊಟ್ಟಿದ್ದಾಳೆಂದು ಸುಮ್ಮನಾದರಂತೆ. ಮಧ್ಯಾಹ್ನಕ್ಕೆ ವಾಂತಿ, ಭೇದಿ ಶುರುವಾಯಿತು. ಸಂಜೆಗೆ ಕೈಕಾಲು ತಣ್ಣಗಾದವು. ಡಾಕ್ಟರನ್ನು ಕರೆತರಲು ಮೈದುನ ಚನ್ನಗಿರಿಗೆ ಗಾಡಿ ಕಟ್ಟಿದ.

ನಾನು ಹೂರಣದ ಪಾತ್ರೆ ತೆರೆದೆ. ಹಳಸಿದ ವಾಸನೆ ಗಪ್ಪನೆ ಮುಖಕ್ಕೆ ಹೊಡೆಯಿತು. ಅದನ್ನು ಅತ್ತೆಯ ಮುಂದೆ ಹಿಡಿದೆ. ಅವರು ಬಗ್ಗಿ ಮೂಸಿದರು.

"ಚೆನ್ನಾಗೇ ಐತಲ್ಲವ್ವ."

ನಾನು ಪಾತ್ರೆ ಕೆಳಗಿಟ್ಟೆ. "ಅತ್ತೆ, ನಿಮಗೆ ವಾಸನೆ ಬರ್ತೈತೇನ್ರಿ?"

ಅವರು ಗೋಡೆ ಹಿಡಿದು ಕುಳಿತರು. "ಜ್ವರ ಬಿಟ್ಟಾಗಿಂದ ಏನೂ ತಿಳಿಯವಲ್ದು. ಹೇಳಿದ್ರೆ ಅಡಿಗೆ ಮಾಡಾಕೆ ಬಿಡಲ್ಲ, ಮೂಲೇಲಿ ಕೂರಿಸ್ತೀರಿ ಅಂತ ಹೆದರಿದೆ. ನನ್ನ ಮಗನಿಗೆ ನಾನೇ ವಿಷ ಉಣಿಸಿದ್ನಲ್ಲೇ!"

ನನಗೆ ಸಿಟ್ಟು ಬಂದಿತ್ತು. ಆದರೂ ಅವರ ಕೈಹಿಡಿದು ಎಬ್ಬಿಸಿದೆ. ಇಬ್ಬರೂ ಸೇರಿ ನನ್ನ ಗಂಡನಿಗೆ ಉಪ್ಪು ಹಾಕಿದ ಗಂಜಿತಿಳಿಯನ್ನು ಚಮಚದಲ್ಲಿ ಕುಡಿಸುತ್ತ ಡಾಕ್ಟರ ದಾರಿ ಕಾದೆವು.

ನನ್ನ ಗಂಡ ಚೇತರಿಸಿಕೊಳ್ಳಲು ಬಹಳ ದಿನ ಹಿಡಿಯಿತು. ಆದದ್ದನ್ನು ಅತ್ತೆ ತಾವೇ ಮಗನಿಗೆ ಹೇಳಿದರು. ಅವರು ತಾಯಿಯ ಕೈ ಹಿಡಿದು, "ಅಡಿಗೆ ನೀನೇ ಮಾಡವ್ವ. ಇಟ್ಟಿದ್ದನ್ನ ಇವಳು ನೋಡ್ತಾಳೆ," ಎಂದರು.

ಹಾಗೆಯೇ ನಡೆಯಿತು. ನೆರೆಯವರು ಇದ್ದಾಗ ಮಾತ್ರ ಅತ್ತೆ ಮೊದಲಿನಂತೆ ಮುಚ್ಚಳ ತೆಗೆದು ಮೂಸಿ, ಓರೆಗಣ್ಣಿನಿಂದ ನನ್ನತ್ತ ನೋಡುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ. ವಾಸನೆ ಅವರಿಗೆ ಮತ್ತೆ ಬರಲೇ ಇಲ್ಲ. ಆಗಷ್ಟೇ ಒಲೆಯಿಂದ ಇಳಿಸಿದ ಅನ್ನವನ್ನು ಮಗನಿಗೆ ಬಡಿಸುವಾಗಲೂ, "ನೀನೊಂಚೂರು ನೋಡೇ," ಎಂದು ನನ್ನನ್ನು ಕರೆಯುತ್ತಿದ್ದರು.