ಹಿಟ್ಟಿನ ಕಾಕಾ ರೊಟ್ಟಿ ಬಡಿದ ದಿನ

ಗೆಳೆಯರೇ, ಗೋಕುಲ ರಸ್ತೆಯ ನಮ್ಮ ರೊಟ್ಟಿ ಕೇಂದ್ರ ಇಂದು ಯುದ್ಧವೊಂದನ್ನು ಗೆದ್ದಿದೆ.

ನಾಳೆ ಮದುವೆಯೊಂದಕ್ಕೆ ಐನೂರು ರೊಟ್ಟಿ ಕೊಡಬೇಕು. ಬೆಳಗಿನಿಂದ ಬಡಿದ ರೊಟ್ಟಿಯೆಲ್ಲ ಬಿರಿಯುತ್ತಿತ್ತು. ಅಷ್ಟರಲ್ಲಿ ಉಪ್ಪಿನಬೆಟಗೇರಿಯಿಂದ ನಮಗೆ ಜೋಳದ ಹಿಟ್ಟು ತಂದು ಹಾಕುವ ಬಸಪ್ಪ ಕಾಕಾ ಬಂದು, ನಿನ್ನೆ ಹಾಕಿದ ಅದೇ ಹಿಟ್ಟಿಗೆ ಕಿಲೋಗೆ ಎರಡು ರೂಪಾಯಿ ಹೆಚ್ಚು ಕೇಳಿದರು.

"ಹೊಸಾ ಜೋಳದ ಹಿಟ್ಟು ಐತ್ರಿ ಇದು. ರೊಟ್ಟಿ ಬಿರಿದ್ರ ನಿಮ್ಮ ಕೈದ ತಪ್ಪು."

ಇಪ್ಪತ್ತು ವರ್ಷದಿಂದ ರೊಟ್ಟಿ ಬಡಿಯುತ್ತಿರುವ ನಮ್ಮ ರಜಿಯಾ ಅಕ್ಕ, ನಾದಿದ ಹಿಟ್ಟನ್ನು ಅವರ ಮುಂದೆ ಸರಿಸಿದರು.

"ಹಂಗಾರ ನೀವ ಬಡೀರಿ ಕಾಕಾ."

ಕಾಕಾ ತೋಳೇರಿಸಿ ಬಡಿದರು. ರೊಟ್ಟಿ ಬಿರಿದು ಮೂರು ಹೋಳಾಯಿತು. ಮರ್ಯಾದೆ ಉಳಿಸಿಕೊಳ್ಳಲು ಮನೆಯಾಕೆಯನ್ನು ಕೇಳುತ್ತೇನೆಂದರು. ಅವರ ಕೈಗೆಲ್ಲ ಹಿಟ್ಟು ಮೆತ್ತಿದ್ದರಿಂದ ಅಕ್ಕನೇ ಫೋನ್ ಹಚ್ಚಿ, ಸ್ಪೀಕರ್ ಒತ್ತುವ ಉಪಕಾರವನ್ನೂ ಮಾಡಿದರು.

"ಏ ಇವಳ, ರೊಟ್ಟಿ ಬಿರಿಯಾಕತ್ತೈತಿ, ಏನ್ ಮಾಡ್ಲಿ?"

"ಅಯ್ಯ, ನೀವು ಒಯ್ದ ಆ ಹಳೇ ಜೋಳದ ಹಿಟ್ಟು ಬಿರೀದ ಏನ್ ಮಾಡತೈತ್ರಿ? ಹೊಸಾ ಜೋಳದ್ದು ಮನ್ಯಾಗ ಐತಿ, ಲಗೂ ಬರ್ರಿ, ನಾ ಬಡದು ಕೊಡ್ತೇನಿ."

ಮಧ್ಯಾಹ್ನದೊಳಗೆ ಹೊಸ ಹಿಟ್ಟು ಬಂತು, ಹಳೆಯ ದರಕ್ಕೇ. ರೊಟ್ಟಿ ಈಗ ಹುಣ್ಣಿಮೆಯ ಚಂದ್ರ.

ಕಾಕಾನ ಮನೆಯಾಕೆಯನ್ನು ನಮ್ಮ ಗುಣಮಟ್ಟ ಪರೀಕ್ಷಾಧಿಕಾರಿಯಾಗಿ ಅವಿರೋಧವಾಗಿ ನೇಮಿಸಿದ್ದೇವೆ. ನೇಮಕದ ವಿಷಯ ಅವರಿಗಿನ್ನೂ ತಿಳಿದಿಲ್ಲ. ಕಾಕಾನಿಗೆ ಮಾತ್ರ ಚೆನ್ನಾಗಿ ತಿಳಿದಿದೆ.