ಸುಣ್ಣದ ಗೆರೆ ಮತ್ತು ಕೆಂಚ

ಸೊಳ್ಳೆಬತ್ತಿ ಹಚ್ಚಿದರೆ ಬೆನ್ನಿಗೆ ಏಟು ಬೀಳುತ್ತಿದ್ದ ಕಾಲ ಅದು. ಮುಖಕ್ಕೆ ಪೌಡರ್ ಇಲ್ಲ, ಪೆಟ್ಟಿಗೆಯ ಬಟ್ಟೆಗೆ ನುಸಿಗುಳಿಗೆ ಇಲ್ಲ, ಮನೆಗೆ ಬಂದ ನೆಂಟರಿಗೆ ಬೀಡಿ ಸೇದುವ ಚಟವಿದ್ದರೆ ಊರಾಚೆಯ ಅರಳಿಕಟ್ಟೆಗೇ ಹೋಗಿ ಬರಬೇಕು. ಯಾಕೆಂದರೆ ಒಳಗೆ ಹುಳುಗಳಿದ್ದವು. ರೇಷ್ಮೆ ಹುಳು ಮೇಯಿಸಿದ ಮನೆಯಲ್ಲಿ ಬೆಳೆದವರಿಗೆ ನಾನು ಹೇಳುವುದು ತಟ್ಟನೆ ಗೊತ್ತಾಗುತ್ತದೆ. ಉಳಿದವರಿಗೆ ಇಷ್ಟು ಹೇಳಿದರೆ ಸಾಕು: ಒಂದಿಷ್ಟು ಘಾಟು ತಾಗಿದರೂ ಸಾಯುವ ಆ ಹುಳುಗಳಿಗಿದ್ದ ಮರ್ಯಾದೆ ಮನೆಯ ಮಕ್ಕಳಿಗೆ ಇರಲಿಲ್ಲ.

ನಮ್ಮೂರು ರಾಮನಗರಕ್ಕೂ ಬಿಡದಿಗೂ ನಡುವೆ, ಹೆದ್ದಾರಿಯಿಂದ ಒಂದಿಷ್ಟು ಒಳಕ್ಕೆ. ಬಿಡದಿ ಕಡೆ ಕಾರ್ಖಾನೆಗಳು ಒಂದಾದ ಮೇಲೊಂದು ಏಳುತ್ತಿದ್ದವು. ಪಾಳಿ ಬದಲಾದಾಗಲೆಲ್ಲ ಕಂಪನಿ ಬಸ್ಸು ನಮ್ಮೂರ ಗೇಟಿನಲ್ಲಿ ನಿಂತು ಹಾರನ್ ಹೊಡೆಯುತ್ತಿತ್ತು. ಊರೊಳಗೆ ಮಾತ್ರ ಇನ್ನೂ ಹುಳುವಿನದೇ ರಾಜ್ಯ. ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಅವಕ್ಕೆ ಹಗಲು ರಾತ್ರಿ ಎನ್ನದೆ ಹಿಪ್ಪುನೇರಳೆ ಸೊಪ್ಪು ಸುರಿಯಬೇಕು. ಅವು ತಿನ್ನುವ ಸದ್ದನ್ನು ಎಲ್ಲರೂ ಮಳೆಗೆ ಹೋಲಿಸುತ್ತಾರೆ. ನನಗಂತೂ ಇಡೀ ಊರು ಒಟ್ಟಿಗೆ ಕೂತು ಹುರಿಗಡಲೆ ಅಗಿಯುತ್ತಿದೆ ಅನ್ನಿಸುತ್ತಿತ್ತು.

ಕೆಂಚ ನಮ್ಮ ನಾಯಿ. ಹೊರಗಿನ ರೋಗ ಕಾಲಿಗೆ ಹತ್ತಿಕೊಂಡು ಒಳಗೆ ಬಾರದಿರಲೆಂದು ಅವ್ವ ಹುಳುಮನೆಯ ಬಾಗಿಲ ಮುಂದೆ ಸುಣ್ಣದ ಪುಡಿಯಲ್ಲಿ ಅಗಲವಾದ ಗೆರೆ ಎಳೆಯುತ್ತಿದ್ದಳು. ಮರಿಯಾಗಿದ್ದಾಗ ಕೆಂಚ ಒಂದು ಸಲ ಅದನ್ನು ದಾಟಿ ಪೊರಕೆ ಏಟು ತಿಂದಿದ್ದ. ಆಮೇಲೆ ಆ ಕಡೆಗೆ ಉಗುರು ಕೂಡ ಇಡಲಿಲ್ಲ. ಗೆರೆಯ ಈಚೆಯೇ ಮಲಗಿ ಇಲಿ, ಹೆಗ್ಗಣ ಒಂದನ್ನೂ ಹತ್ತಿರ ಬಿಡುತ್ತಿರಲಿಲ್ಲ. ಅವನ ಕಾಟಕ್ಕೆ ನಮ್ಮ ಬೆಕ್ಕು ಬೇರೆ ಮನೆ ನೋಡಿಕೊಂಡಿತ್ತು.

ಅಂಥವನು ಆ ಬೇಸಿಗೆಯಲ್ಲಿ, ಹುಳು ನಾಲ್ಕನೇ ಜ್ವರದಲ್ಲಿದ್ದಾಗಲೇ, ಊಟ ಬಿಟ್ಟ. ಮೈ ಮುಟ್ಟಿದರೆ ಸುಡುತ್ತಿತ್ತು. ಕಿವಿಯೊಳಗೆಲ್ಲ ಉಣ್ಣೆ, ಒಸಡು ಬೆಳ್ಳಗೆ. ನನ್ನನ್ನು ಕಂಡರೂ ಬಾಲದ ತುದಿ ಮಾತ್ರ ಅಲ್ಲಾಡಿಸಿ ಸುಮ್ಮನಾದ. ನಾನು ಅತ್ತು ರಂಪ ಮಾಡಿದ ಮೇಲೆ ಅಪ್ಪ ಅವನನ್ನು ಸೊಪ್ಪಿನ ಬುಟ್ಟಿಯಲ್ಲಿಟ್ಟು ಮೊಪೆಡ್ ಮೇಲೆ ಬಿಡದಿಯ ದನದ ಆಸ್ಪತ್ರೆಗೆ ಒಯ್ದರು. ಬುಟ್ಟಿ ಹಿಡಿದುಕೊಂಡು ಹಿಂದೆ ಕೂತವಳು ನಾನು.

“ಉಣ್ಣೆ ಜ್ವರ, ರಕ್ತ ತುಂಬಾ ಕಮ್ಮಿಯಾಗಿದೆ” ಅಂದರು ಡಾಕ್ಟರು. “ಕೆಲವು ದಿನ ಇಂಜೆಕ್ಷನ್‌ಗೆ ಕರಕೊಂಡು ಬನ್ನಿ, ಮಾತ್ರೆ ತಪ್ಪಿಸಬೇಡಿ. ಈ ಔಷಧಿ ನೀರಲ್ಲಿ ಕಲಸಿ ಮೈ ತೊಳೀರಿ, ಮಲಗೋ ಜಾಗಕ್ಕೂ ಹಾಕಿ. ಇಲ್ಲದಿದ್ರೆ ಉಣ್ಣೆ ಮತ್ತೆ ಹತ್ತುತ್ತೆ, ನಾಯಿ ಉಳಿಯಲ್ಲ.”

ಮನೆ ಮುಂದೆ ಮೊಪೆಡ್ ನಿಲ್ಲಿಸುತ್ತಿದ್ದ ಹಾಗೇ ಅವ್ವನ ಕಣ್ಣು ಸೀಸೆಯ ಮೇಲೆ ಬಿತ್ತು.

“ಅದೇನದು?”

“ಉಣ್ಣೆ ಔಷ್ದಿ.”

“ಅಲ್ಲೇ ನಿಂತ್ಕಳಿ. ಅದು ಹೊಸ್ಲು ದಾಟುದ್ರೆ ಒಂದ್ ಹುಳನೂ ಉಳಿಯಾಕಿಲ್ಲ.”

ಅವಳು ಹೇಳಿದ್ದು ಸುಳ್ಳಲ್ಲ. ಉಣ್ಣೆ ಸಾಯಿಸುವ ಔಷಧಿ ಕೈಗೊಂದಿಷ್ಟು ತಗುಲಿ ಆ ಕೈಯಲ್ಲಿ ಸೊಪ್ಪು ಹಾಕಿದರೂ ತಟ್ಟೆಗಟ್ಟಲೆ ಹುಳು ಹೋಗುತ್ತವೆ. ನಮ್ಮ ಮನೆಯ ಅನ್ನ, ಬಟ್ಟೆ, ನನ್ನ ಸ್ಕೂಲು ಎಲ್ಲ ಅದರಿಂದಲೇ.

“ಹಂಗಾರೆ ಕೆಂಚ ಸಾಯ್ಲಾ?” ಅಂದೆ.

ಅವ್ವ ಕಬ್ಬಾಳಿನ ದಿಕ್ಕಿಗೆ ತಿರುಗಿ ಸೆರಗು ಹಿಡಿದು, “ತಾಯಿ ಕಬ್ಬಾಳಮ್ಮ, ಹುಳನೂ ಉಳಿಸು, ನಾಯಿನೂ ಉಳಿಸು. ಒಂದ್ ಕೊಟ್ಟು ಒಂದ್ ತಗಬ್ಯಾಡ” ಅಂದಳು. ಅವಳ ಕಣ್ಣಲ್ಲೂ ನೀರಿತ್ತು.

ನಾಯಿಯನ್ನು ಬೇರೆ ಮನೆಯಲ್ಲಿಡೋಣವೆಂದರೆ ಎಲ್ಲ ಮನೆಯಲ್ಲೂ ಹುಳು. ಇಲ್ಲದ್ದು ಒಂದೇ ಮನೆ: ಊರ ಕೊನೆಯಲ್ಲಿದ್ದ ಶಿವಣ್ಣನ ಹಳೇ ಹುಳುಮನೆ. ಶಿವಣ್ಣ ಸೊಪ್ಪಿನ ತೋಟ ಮಾರಿದ ಮೇಲೆ ಅದನ್ನು ಗದಗದ ಕಡೆಯ ಮೂವರು ಹುಡುಗರಿಗೆ ಬಾಡಿಗೆಗೆ ಕೊಟ್ಟಿದ್ದ. ಬಸಣ್ಣ, ಮಲ್ಲು, ಈರಣ್ಣ, ಮೂವರೂ ಕಾರ್ಖಾನೆ ಕೆಲಸಕ್ಕೆ ಬಂದವರು. ಅವರಿಗೆ ಊರಲ್ಲಿ ಒಳ್ಳೆ ಹೆಸರೇನೂ ಇರಲಿಲ್ಲ. ಯಾಕಪ್ಪಾ ಅಂದರೆ ಸೆಂಟು ಹಾಕುತ್ತಿದ್ದರು. ಅವರು ಡ್ಯೂಟಿಗೆ ಹೊರಟರೆ ಅವ್ವ ಕಿಟಕಿ ಮುಚ್ಚಿ, “ಬಂದ್ರು ನೋಡು, ಘಮಘಮ ಅನ್ಕಂಡು. ನಮ್ಮನೆ ಹುಳ ತೆಗೆಯಾಕೇ ಬಂದವ್ರೆ” ಎಂದು ಬೈಯುತ್ತಿದ್ದಳು. ವರ್ಷವಾದರೂ ಅವರು ಯಾರ ಅಂಗಳಕ್ಕೂ ಕಾಲಿಟ್ಟಿರಲಿಲ್ಲ.

ಬೇರೆ ದಾರಿ ಇರಲಿಲ್ಲ. ಅಪ್ಪ ಬುಟ್ಟಿ ಹೊತ್ತುಕೊಂಡು ಅವರ ಬಾಗಿಲಿಗೆ ಹೋಗಿ ನಿಂತರು. ಹಿಂದೆ ಮೂಗು ಸೋರಿಸಿಕೊಂಡು ನಾನು. ಬಸಣ್ಣ ರೊಟ್ಟಿ ಬಡಿಯುತ್ತಿದ್ದವನು ಹಿಟ್ಟಿನ ಕೈಯಲ್ಲೇ ಎದ್ದು ಬಂದ.

“ಯಾಕ ಅಳಾಕತ್ತೀಯವಾ ತಂಗಿ? ನಾಯಿ ಇಲ್ಲೇ ಬಿಡ್ರಿ ಕಾಕಾ. ಊರಾಗ ನಮ್ಮ ಮನಿ ತುಂಬಾ ಬರೀ ನಾಯಿಗಳs. ಆರಾಮ ಆಕ್ಕೈತಿ.”

ಆರೈಕೆ ಅಂದರೆ ಅದು. ಒಬ್ಬನದು ಬೆಳಗಿನ ಪಾಳಿ, ಒಬ್ಬನದು ಮಧ್ಯಾಹ್ನದ್ದು, ಇನ್ನೊಬ್ಬನದು ರಾತ್ರಿಯದು. ಹಾಗಾಗಿ ಯಾವ ಹೊತ್ತಿನಲ್ಲಿ ನೋಡಿದರೂ ಕೆಂಚನ ಪಕ್ಕ ಒಬ್ಬರಲ್ಲ ಒಬ್ಬರು ಇದ್ದೇ ಇರುತ್ತಿದ್ದರು. ಊರಿನ ಯಾವ ಮನುಷ್ಯನಿಗೂ ಕಾಯಿಲೆ ಬಿದ್ದಾಗ ಅಷ್ಟು ಸೌಕರ್ಯ ಸಿಕ್ಕಿರಲಿಲ್ಲ. ಅಪ್ಪನಿಗೆ ಸೊಪ್ಪು ಕೊಯ್ಯುವುದು ಬಿಟ್ಟು ಅಲ್ಲಾಡುವಂತಿರಲಿಲ್ಲವಲ್ಲ, ಇಂಜೆಕ್ಷನ್‌ಗೂ ಅವರೇ ಉಪಾಯ ಹುಡುಕಿದರು. ಮಧ್ಯಾಹ್ನದ ಪಾಳಿಗೆ ಹೋಗುವ ಬಸಣ್ಣ ಕೆಂಚನನ್ನು ದುಪ್ಪಟಿಯಲ್ಲಿ ಸುತ್ತಿಕೊಂಡು ಕಂಪನಿ ಬಸ್ಸು ಹತ್ತಿ ಆಸ್ಪತ್ರೆಗೆ ಬಿಡುವುದು. ಬೆಳಗಿನ ಪಾಳಿ ಮುಗಿಸಿದ ಮಲ್ಲು ವಾಪಸು ಬರುವ ಬಸ್ಸಿನಲ್ಲಿ ಕರೆತರುವುದು. ಡ್ರೈವರು ಮೊದಲ ದಿನ ಮುಖ ಗಂಟಿಕ್ಕಿದನಂತೆ. ಆಮೇಲೆ ತಾನೇ ಹಾರನ್ ಹೊಡೆದು, “ಎಲ್ಲಿ, ನಿಮ್ ಸೂಪರ್‌ವೈಜರ್ ಬರಲಿಲ್ವಾ ಇವತ್ತು?” ಎಂದು ಕೇಳತೊಡಗಿದ.

ಮಾತ್ರೆಯದೇ ತಾಪತ್ರಯ. ರೊಟ್ಟಿಯಲ್ಲಿಟ್ಟು ಕೊಟ್ಟರೆ ಕೆಂಚ ರೊಟ್ಟಿ ತಿಂದು ಮಾತ್ರೆಯನ್ನು ಪಕ್ಕಕ್ಕೆ ಉಗಿಯುತ್ತಿದ್ದ. ಸುದ್ದಿ ಕೇಳಿ ಅವ್ವನಿಗೆ ನಗು ಬಂತು.

“ರೊಟ್ಟಿ ಅಗೀಬೇಕಲ್ವಾ, ಅದ್ಕೇ ಸಿಕ್ಬೀಳ್ತದೆ. ಮುದ್ದೇಲಿಡ್ಲಿ. ನಮ್ ನಾಯಿ ಮುದ್ದೆ ಅಗಿಯಾಕಿಲ್ಲ, ನುಂಗ್ತದೆ.”

ದಿನಾ ಬಿಸಿ ಮುದ್ದೆ ತಟ್ಟೆ ಹಿಡಿದು ಹೋಗುವ ಕೆಲಸ ನನ್ನದಾಯಿತು. ಆದರೆ ನಾಯಿ ಮುಟ್ಟಬಾರದು, ಬೇಲಿ ದಾಟಬಾರದು. ತಟ್ಟೆಯನ್ನು ಬೇಲಿಯ ಕಲ್ಲಿನ ಮೇಲಿಟ್ಟು ಹಿಂದೆ ಸರಿದರೆ ಈರಣ್ಣನೋ ಬಸಣ್ಣನೋ ಬಂದು ಒಯ್ಯುತ್ತಿದ್ದರು. ಕೆಂಚ ಗುಳಕ್ಕನೆ ಮುದ್ದೆ ನುಂಗುವುದನ್ನು ನಾನು ಅಲ್ಲಿಂದಲೇ ನೋಡುತ್ತಿದ್ದೆ. ತಲೆ ಎತ್ತಲಾರದವನು ಒಂದು ದಿನ ಎದ್ದು ಕೂತ. ಇನ್ನೊಂದು ದಿನ ನನ್ನ ಕಡೆ ನೋಡಿ ಬೊಗಳಿದ. ಅವತ್ತು ನಾನು ಮನೆವರೆಗೂ ಕುಣಿದುಕೊಂಡೇ ಹೋದೆ.

ಹುಳು ಹಣ್ಣಾಗುವ ದಿನ ಬಂತು. ಮೈ ಹಳದಿ ತಿರುಗಿದ ಹುಳುಗಳನ್ನು ಆಯ್ದು ಗೂಡು ಕಟ್ಟಲು ಬಿದಿರು ತಟ್ಟಿಯ ಚಂದ್ರಿಕೆಗೆ ಬಿಡುವ ಕೆಲಸ, ಒಬ್ಬರಿಗೂ ಉಸಿರಾಡಲು ಪುರುಸೊತ್ತಿಲ್ಲ. ಅಷ್ಟರಲ್ಲಿ ಬೀದಿಯಿಂದ ಕೂಗು ಕೇಳಿಸಿತು: “ಹಿಡೀರಿ, ನಾಯಿ ಹಿಡೀರಿ.” ಆಗತಾನೇ ಔಷಧಿ ನೀರಲ್ಲಿ ಮೈ ತೊಳೆಸಿಕೊಂಡಿದ್ದ ಕೆಂಚ ತಪ್ಪಿಸಿಕೊಂಡು ನೀರು ಸೋರಿಸುತ್ತ ಮನೆಗೇ ಓಡಿ ಬರುತ್ತಿದ್ದ. ಹಿಂದೆ ಲುಂಗಿ ಎತ್ತಿಕಟ್ಟಿದ ಬಸಣ್ಣ, ಅವತ್ತು ರಜೆಯಲ್ಲಿದ್ದ, ಅರ್ಧ ಮುಖ ಬೋಳಿಸಿ ಇನ್ನರ್ಧಕ್ಕೆ ಸೋಪಿನ ನೊರೆ ಇದ್ದ ಮಲ್ಲು.

ಅವ್ವ ಹುಳುಮನೆಯ ಬಾಗಿಲಿಗೆ ಅಡ್ಡಲಾಗಿ ಎರಡೂ ಕೈ ಚಾಚಿ ನಿಂತಳು. “ಬರಬ್ಯಾಡ ಕಣೋ ಕೆಂಚ, ನಮ್ಮಪ್ಪ ಅಲ್ವಾ, ಬರಬ್ಯಾಡ” ಎಂದು ಬೈಗುಳವೂ ಅಲ್ಲದ ಅಳುವೂ ಅಲ್ಲದ ದನಿಯಲ್ಲಿ ಕೂಗಿದಳು. ಕೆಂಚ ನೇರ ಬಂದವನು ಸುಣ್ಣದ ಗೆರೆಯ ಹತ್ತಿರ ಗಕ್ಕನೆ ನಿಂತ. ಗೆರೆ ಮೂಸಿದ. ತನ್ನ ಮಾಮೂಲಿ ಜಾಗದಲ್ಲಿ ಕೂತು ಬಾಲ ಬಡಿದ.

ಬಸಣ್ಣ, ಮಲ್ಲು ಕೂಡ ಅಂಗಳದ ಹೊರಗೇ ನಿಂತುಬಿಟ್ಟಿದ್ದರು. ಒಳಗೆ ಕಾಲಿಡಲು ಅವರಿಗೆ ಧೈರ್ಯವಿರಲಿಲ್ಲ. ಅವ್ವ ಒಮ್ಮೆ ಕೆಂಚನನ್ನು, ಒಮ್ಮೆ ಅವರನ್ನು ನೋಡಿದಳು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು, “ಈಗ ಕರ್ಕೊಂಡ್ ಹೋಗ್ರಪ್ಪ. ಗೂಡ್ ಬಿಡಿಸಿದ್ ಮೇಲೆ ಮೂರ್ ಜನನೂ ಊಟಕ್ ಬನ್ನಿ” ಅಂದಳು. ಅವರು ಕೆಂಚನನ್ನು ಎತ್ತಿಕೊಂಡು ತಿರುಗಿದಾಗ, “ಸೆಂಟ್ ಹಾಕ್ಕಂಡೇ ಬನ್ನಿ, ಪರ್ವಾಗಿಲ್ಲ” ಎಂದು ಸೇರಿಸಿದಳು.

ಆ ಸಲದಷ್ಟು ಒಳ್ಳೆ ಗೂಡು ನಮ್ಮ ಮನೆಯಲ್ಲಿ ಆಗಿರಲಿಲ್ಲ ಎಂದು ಅಪ್ಪ ಕೊನೆಯವರೆಗೂ ಹೇಳುತ್ತಿದ್ದರು. ಊಟಕ್ಕೆ ನಾಟಿಕೋಳಿ ಸಾರು, ಮುದ್ದೆ. ಹುಡುಗರು ಮೂವರೂ ಸೆಂಟು ಸುರಿದುಕೊಂಡೇ ಬಂದಿದ್ದರು. ಬಸಣ್ಣ ಮುದ್ದೆಯನ್ನು ಅಗಿದು ಅಗಿದು ಹಲ್ಲಿಗೆಲ್ಲ ಮೆತ್ತಿಕೊಂಡಾಗ ಅವ್ವ, “ನಾಯಿಗೆ ಮುದ್ದೆ ತಿನ್ಸಿದ್ಯಲ್ಲ, ನೋಡ್ ಕಲೀಬಾರ್ದಾ?” ಅಂದಳು. ಕೆಂಚ ನನ್ನ ಕಾಲ ಮೇಲೆ ತಲೆ ಇಟ್ಟು ಮಲಗಿದ್ದ. ನಾನು ಅವನನ್ನು ಮುಟ್ಟಿದೆ, ತಬ್ಬಿಕೊಂಡೆ, ಯಾರೂ ಬೇಡ ಅನ್ನಲಿಲ್ಲ. ಅಷ್ಟು ಖುಷಿಯ ಊಟ ನಾನು ಆಮೇಲೆ ಉಂಡಿಲ್ಲ.

ಕೆಂಚ ಮುಪ್ಪಾಗಿಯೇ ಹೋದ. ಹುಡುಗರು ಒಬ್ಬೊಬ್ಬರಾಗಿ ಬೇರೆ ಕಡೆ ಕೆಲಸ ಹುಡುಕಿಕೊಂಡು ಹೋದರು. ನಮ್ಮ ಸೊಪ್ಪಿನ ತೋಟವೂ ಕಾರ್ಖಾನೆಗೆ ಹೋಯಿತು, ಹುಳುಮನೆಯಲ್ಲಿ ಈಗ ತಮ್ಮನ ಕಾರು ನಿಲ್ಲುತ್ತದೆ. ಊರಲ್ಲಿ ಯಾರು ಬೇಕಾದರೂ ಸೊಳ್ಳೆಬತ್ತಿ ಹಚ್ಚಬಹುದು, ಸೆಂಟು ಹಾಕಬಹುದು. ಬಾಡಿಗೆಯವರು ಮನೆ ಮನೆಯಲ್ಲೂ ಇದ್ದಾರೆ, ಅವರ ಹೆಸರು ಅವ್ವನಿಗೂ ಗೊತ್ತಿಲ್ಲ.

ಹೋದ ತಿಂಗಳು ನಾನು ಊರಿಗೆ ಹೋದಾಗ ತಮ್ಮ ತನ್ನ ನಾಯಿಗೆ ಉಣ್ಣೆಯಾಗಿದೆಯೆಂದು ಅಂಗಡಿಯಿಂದ ಸೀಸೆ ತಂದ. ಹೊಸ್ತಿಲು ದಾಟುತ್ತಿದ್ದ ಹಾಗೇ ಒಳಗಿನಿಂದ ಅವ್ವ ಕೂಗಿದಳು: “ಅಲ್ಲೇ ನಿಂತ್ಕ.”

ತಮ್ಮ ಬೆಚ್ಚಿ ನಿಂತ. ಅವ್ವ ಹೊರಗೆ ಬಂದು ಸೀಸೆ ನೋಡಿದಳು, ಕಾರು ನಿಂತಿದ್ದ ಹುಳುಮನೆಯ ಕಡೆ ನೋಡಿದಳು.

“ಹೋಗ್ಲಿ, ಇಲ್ಲೇ ತೊಳಿ” ಅಂದಳು. “ಯಾರ ಮನೆಗೂ ಕಳ್ಸೋದ್ ಬ್ಯಾಡ ಈಗ.”