ಅಜ್ಜಿಗೂ ಒಂದು ನಂಬರು

ತಪ್ಪು ಮಾಡಿದವರು ಊರ ತುಂಬ ಸಿಗುತ್ತಾರೆ. ಯಾರೂ ಕೇಳದೇ ಇದ್ದಾಗ, ಹೇಳಿದರೆ ತಮಗೇ ನಷ್ಟ ಎಂದು ಗೊತ್ತಿದ್ದೂ, ಬಾಯಿಬಿಟ್ಟು ಹೇಳಿದವರು ಕಡಿಮೆ. ಹಲ್ಲಪ್ಪನವರ ಸೊಸೆ ಹೇಳಿದಳು. ಅವಳ ಬಗ್ಗೆ ಬರೆಯುವುದು ಅದಕ್ಕೇ.

ಹಲ್ಲಪ್ಪ ಎನ್ನುವುದು ಜನ ಇಟ್ಟ ಹೆಸರು. ಅವರದು ಹಲ್ಲಿನ ಸೆಟ್ಟು ಮಾಡುವ ಕೆಲಸ. ಡಾಕ್ಟರು ಕಳಿಸಿದ ಬಾಯಿಯ ಅಚ್ಚಿಗೆ ಪ್ಲಾಸ್ಟರ್ ಹುಯ್ದು, ಮೇಣದಲ್ಲಿ ಒಸಡು ತಿದ್ದಿ, ಹಲ್ಲು ಕೂರಿಸಿ, ತಿಕ್ಕಿ ಹೊಳಪು ಕೊಡುತ್ತಾರೆ. ಬಿರುಕು ಬಿಟ್ಟ ಹಳೇ ಸೆಟ್ಟನ್ನು ಜನ ನೇರವಾಗಿ ತಂದುಕೊಡುವುದೂ ಉಂಟು. ಇರುವುದು ಎರಡೇ ಕೋಣೆ. ಹಿಂದಿನದರಲ್ಲಿ ತಿಕ್ಕುವ ಚಕ್ರ. ಮುಂದಿನದರಲ್ಲಿ ಒಂದು ಮೇಜು, ಗೋಡೆ ತುಂಬ ಹಲಗೆ, ಹಲಗೆ ತುಂಬ ಪ್ಲಾಸ್ಟಿಕ್ ಡಬ್ಬಿ. ಎಲ್ಲದರ ಮೇಲೂ ಬಿಳಿ ಪುಡಿ.

ಸೊಸೆ ಬಿಬಿಎ ಓದುತ್ತಿದ್ದಾಗ ಮದುವೆಯಾಯಿತು. ಓದು ಅರ್ಧಕ್ಕೆ ನಿಂತಿತು. ಮತ್ತೆ ಕಾಲೇಜಿಗೆ ಕಳಿಸಿದ್ದು ಮಾವನೇ.

"ಅರ್ಧ ಮಾಡಿದ ಸೆಟ್ಟು ಯಾರ ಬಾಯಿಗೂ ಆಗಲ್ಲಮ್ಮ. ಹೋಗಿ ಮುಗಿಸ್ಕೊಂಡು ಬಾ" ಎಂದರು.

ಕ್ಲಾಸಿನ ಹುಡುಗಿಯರೆಲ್ಲ ಅವಳಿಗಿಂತ ಚಿಕ್ಕವರು, ಅಕ್ಕ ಎನ್ನುತ್ತಿದ್ದರು. ಕೊನೆಯ ವರ್ಷ ಅವಳು ತೆಗೆದುಕೊಂಡ ವಿಷಯ ಮಾಹಿತಿ ವ್ಯವಸ್ಥೆ. ಒಂದು ವ್ಯಾಪಾರದಲ್ಲಿ ಯಾವ ವಿಷಯ ಎಲ್ಲಿಂದ ಬರುತ್ತದೆ, ಅದನ್ನು ಎಲ್ಲಿಡಬೇಕು, ಬೇಕಾದಾಗ ಯಾರ ಕೈಗೆ ಸಿಗಬೇಕು ಎಂದು ಕಲಿಯುವ ಓದು ಅದು. ಕೊನೆಗೆ ನಿಜವಾದ ಒಂದು ಅಂಗಡಿಗೆ ಕಂಪ್ಯೂಟರಿನಲ್ಲಿ ವ್ಯವಸ್ಥೆ ಮಾಡಿ, ಒಂದು ತಿಂಗಳು ನಡೆಸಿ, ಪರೀಕ್ಷಕರ ಮುಂದೆ ವಿವರಿಸಬೇಕು. ಅದರಲ್ಲಿ ಪಾಸಾದರೆ ಪದವಿ ಕೈಗೆ ಬಂದಂತೆ. ಇಲ್ಲದಿದ್ದರೆ ಇನ್ನೂ ಅರ್ಧ ವರ್ಷ ಕಾಯಬೇಕು.

ಅವಳು ಮಾವನ ಅಂಗಡಿಯನ್ನೇ ಆರಿಸಿಕೊಂಡಳು. ಅಲ್ಲಿ ಕಷ್ಟವೂ ಇತ್ತು. ಮಾವ ಡಬ್ಬಿಗೆ ಚೀಟಿ ಅಂಟಿಸಿ "ಸೈಕಲ್ ಅಂಗಡಿಯವನ ತಾಯಿ", "ಮಾತು ಜಾಸ್ತಿ ಮೇಷ್ಟ್ರು" ಎಂದೆಲ್ಲ ಬರೆಯುತ್ತಿದ್ದರು. ನೀರು ತಗುಲಿ ಚೀಟಿ ಉದುರಿದರೆ ಇಡೀ ಬೆಳಗ್ಗೆ ಹುಡುಕಾಟವೇ. ಸೊಸೆ ಗಿರಾಕಿಯ ಫೋನ್ ನಂಬರನ್ನೇ ಗುರುತು ಮಾಡಿದಳು. ನಂಬರು ಒತ್ತಿದರೆ ಹೆಸರು, ಕೆಲಸ, ಯಾವ ಹಲಗೆ, ಎಲ್ಲ ಪರದೆಯ ಮೇಲೆ. ಡಬ್ಬಿಗೆ ಅದೇ ನಂಬರಿನ ಗಟ್ಟಿ ಚೀಟಿ.

"ಅಂತೂ ನನ್ನ ತಲೆಗೆ ರಜೆ ಸಿಕ್ತು" ಎಂದು ಮಾವ ಹಿಂದಿನ ಕೋಣೆ ಸೇರಿಕೊಂಡರು. ಡಬ್ಬಿ ಕೊಡುವುದು ತೆಗೆದುಕೊಳ್ಳುವುದು ಸೊಸೆಯ ಪಾಲಿಗೆ ಬಂತು.

ತಿಂಗಳು ಇನ್ನೇನು ಮುಗಿಯಬೇಕು, ಆಗ ಒಬ್ಬ ತಾತ ತಮ್ಮ ಡಬ್ಬಿ ಒಯ್ಯಲು ಬಂದರು. ಸೆಟ್ಟನ್ನು ಅಲ್ಲೇ ಬಾಯಿಗಿಟ್ಟು ನೋಡಿ ತೆಗೆದರು.

"ಹಲ್ಲಪ್ಪನವರೇ, ಇದು ನನ್ನ ಹಲ್ಲಾ, ನನ್ನ ಮೊಮ್ಮಗಳ ಗೊಂಬೇದಾ?"

ಮಾವ ಕೈ ಒರೆಸಿಕೊಂಡು ಬಂದು ನೋಡಿದರು. "ಇದು ನಿಮ್ಮ ಮನೆಯವರದಲ್ವಾ?"

"ಅವಳು ತನ್ನದನ್ನ ಹೋದ ವಾರಾನೇ ಒಯ್ದಳಲ್ಲ."

"ಹಾಗಾದ್ರೆ ಒಯ್ದಿರೋದು ನಿಮ್ಮದು."

ತಾತ ಕುರ್ಚಿಯ ಮೇಲೆ ಕೂತೇಬಿಟ್ಟರು. "ಅಯ್ಯೋ, ಅದಕ್ಕೇ ವಾರದಿಂದ ಮನೇಲಿ ಬೈಗುಳ ಕಮ್ಮಿ! ನಾನು ನನ್ನ ಪುಣ್ಯ ಅಂದ್ಕೊಂಡಿದ್ದೆ."

ಸೊಸೆಗೆ ನಗು ಬರಲಿಲ್ಲ. ಪರದೆಯಲ್ಲಿ ಹುಡುಕಿದಳು. ಅಜ್ಜಿಯ ಹೆಸರೇ ಇರಲಿಲ್ಲ. ಆ ಮನೆಯಲ್ಲಿ ಇರುವುದು ಒಂದೇ ಫೋನು. ಅಜ್ಜಿ ಮೊದಲು ಬಂದು ಆ ನಂಬರು ಕೊಟ್ಟಿದ್ದರು. ಮರುದಿನ ತಾತನೂ ಅದನ್ನೇ ಕೊಟ್ಟರು. ನಂಬರು ಒಂದೇ ಆದರೆ ಮನುಷ್ಯರೂ ಒಬ್ಬರೇ ಎಂದು ಕಂಪ್ಯೂಟರು ಅಜ್ಜಿಯನ್ನು ಅಳಿಸಿ ತಾತನನ್ನು ಬರೆದುಕೊಂಡಿತ್ತು. ಅದಕ್ಕೆ ಹಾಗೆ ಕಲಿಸಿದವಳು ಇವಳೇ. ಒಂದೇ ನಂಬರಿನ ಎರಡು ಡಬ್ಬಿಯಲ್ಲಿ ಕೈಗೆ ಸಿಕ್ಕಿದ್ದನ್ನು ಅಜ್ಜಿಗೆ ಕೊಟ್ಟವಳೂ ಇವಳೇ.

ಡಬ್ಬಿ ಹಿಡಿದು ತಾತನ ಜೊತೆ ಅವರ ಮನೆಗೆ ಹೋದಳು. ಅಜ್ಜಿ ಅಡುಗೆಮನೆಯಲ್ಲಿ ಬ್ರೆಡ್ಡನ್ನು ಹಾಲಿಗೆ ಅದ್ದಿ ತಿನ್ನುತ್ತಿದ್ದರು. ಒಸಡು ಕೆಂಪಗೆ ಊದಿತ್ತು.

"ಇಷ್ಟು ನೋವಿದ್ರೆ ಯಾಕಜ್ಜಿ ಬಂದು ಹೇಳ್ಲಿಲ್ಲ?"

"ಏನಂತ ಹೇಳೋದು ತಾಯಿ? ಕಂಪ್ಯೂಟರು ನೋಡಿ ಕೊಟ್ಟಿದ್ದು ತಪ್ಪಾಗುತ್ತಾ? ವಯಸ್ಸಾಯ್ತಲ್ಲ, ನನ್ನ ಬಾಯೇ ಸಣ್ಣಗಾಗಿದೆ ಅಂದ್ಕೊಂಡೆ."

ತಮ್ಮ ಸೆಟ್ಟು ಹಾಕಿಕೊಂಡು ಅಜ್ಜಿ ಎರಡು ಸಲ ಕಟಕಟ ಎನಿಸಿ ನೋಡಿದರು. ಆಮೇಲೆ ಗಂಡನ ಕಡೆ ತಿರುಗಿದರು.

"ನಲವತ್ತು ವರ್ಷದಿಂದ ಈ ಮನೇಲಿ ಮಾತು ನಿಮ್ಮದೇ. ಸಾಲ್ದು ಅಂತ ಈಗ ಹಲ್ಲೂ ನಿಮ್ಮದೇನಾ?"

"ಶುರುವಾಯ್ತು! ಇನ್ನೆರಡು ದಿನ ತಡ ಮಾಡಿದ್ರೆ ನಿನ್ನ ಗಂಟೇನು ಹೋಗ್ತಿತ್ತಮ್ಮ?" ಎಂದರು ತಾತ, ಸೊಸೆಗೆ.

ಅವಳು ನಡೆದದ್ದನ್ನೆಲ್ಲ ಬಿಡಿಸಿ ಹೇಳಿದಳು. ಅಜ್ಜಿ ಕೇಳಿಸಿಕೊಂಡು, "ಓ, ಅಲ್ಲೂ ನನ್ನ ಹೆಸರಿಲ್ಲ ಅನ್ನು. ಹೋಗ್ಲಿ ಬಿಡು" ಎಂದು ತಟ್ಟೆ ಎತ್ತಿದರು. ಸಿಟ್ಟಿನಲ್ಲಿ ಹೇಳಿದ ಮಾತಲ್ಲ. ಬೈದಿದ್ದರೇ ವಾಸಿಯಿತ್ತು.

ಪರೀಕ್ಷೆಗೆ ಉಳಿದಿದ್ದು ಎರಡು ದಿನ. ವ್ಯವಸ್ಥೆಯ ಬುಡವೇ ಬದಲಾಗಬೇಕಿತ್ತು, ಅಷ್ಟರಲ್ಲಿ ಆಗುವ ಕೆಲಸವಲ್ಲ.

"ಸುಮ್ನಿರು ಮಾರಾಯ್ತಿ" ಎಂದ ಗಂಡ. "ಪರೀಕ್ಷಕರೇನು ಇಲ್ಲಿಗೆ ಬಂದು ಹಲ್ಲು ಹಾಕ್ಕೊಂಡು ನೋಡ್ತಾರಾ? ತಿಂಗಳು ನಡೀತು ಅನ್ನು, ಮುಗೀತು. ಏನಪ್ಪಾ?"

"ನಡೀತು ಅಂತ ನಾನೂ ಹೇಳ್ತೀನಿ, ಸುಳ್ಳೇನಲ್ಲ" ಎಂದರು ಮಾವ. "ಆದ್ರೆ ಅಲ್ಲಿ ನಿಂತ್ಕೊಳ್ಳೋಳು ಅವಳು. ಅವಳ ಬಾಯಿಗೆ ನಾವು ಮಾತು ಕೂರಿಸೋದು ಬೇಡ."

ಪರೀಕ್ಷೆಯ ದಿನ ಎಲ್ಲ ಸಲೀಸಾಗಿ ಹೋಯಿತು. ಹೊರಗಿನಿಂದ ಬಂದ ಪರೀಕ್ಷಕರು ಪರದೆ ನೋಡಿ ತಲೆದೂಗಿ, "ಚೆನ್ನಾಗಿದೆಯಮ್ಮ, ಹೋಗಬಹುದು" ಎಂದರು. ಅವಳು ಬಾಗಿಲ ತನಕ ಹೋಗಿ ನಿಂತಳು.

"ಸರ್, ಇನ್ನೊಂದು ವಿಷಯ ಇದೆ."

ಹೇಳಿದಳು. ಹಲ್ಲು ಅದಲುಬದಲಾದದ್ದಕ್ಕೆ ಪರೀಕ್ಷಕರು ಮೊದಲು ನಕ್ಕರು. ಅಜ್ಜಿ ತಮ್ಮ ಬಾಯಿಯದೇ ತಪ್ಪು ಎಂದುಕೊಂಡಿದ್ದನ್ನು ಕೇಳಿ ನಗು ನಿಂತಿತು. ಪಕ್ಕದಲ್ಲಿ ಕೂತಿದ್ದ, ಅವಳಿಗೆ ಪಾಠ ಮಾಡಿದ ಮೇಡಂ ನೆಲ ನೋಡುತ್ತಿದ್ದರು.

"ಇದನ್ನ ಹೇಳದೆ ಹೋಗಿದ್ರೆ ಪಾಸಾಗ್ತಿದ್ದೆ. ಗೊತ್ತಾ?"

"ಗೊತ್ತು ಸರ್."

"ಈಗ ಗೊತ್ತಾದ ಮೇಲೆ ಪಾಸ್ ಮಾಡೋಕೆ ನನಗೆ ಮನಸ್ಸು ಬರಲ್ಲ. ಸರಿ ಮಾಡ್ಕೊಂಡು ಮುಂದಿನ ಸಲ ಬಾಮ್ಮ."

ಮನೆಗೆ ಬಂದವಳೇ ಹಿಂದಿನ ಕೋಣೆಗೆ ಹೋಗಿ ಮಾವನಿಗೆ ಹೇಳಿದಳು. ಜೊತೆಯ ಹುಡುಗಿಯರೆಲ್ಲ ಪಾಸಾಗಿದ್ದರು. ಮಾವ ಚಕ್ರ ನಿಲ್ಲಿಸಿದರು.

"ಸೆಟ್ಟು ಒಸಡಿಗೆ ಕಚ್ಚಿದ್ರೆ ಏನ್ಮಾಡ್ತೀವಿ? ಎಸೀತೀವಾ?"

"ಮತ್ತೆ ತಿಕ್ತೀವಿ ಮಾವ."

"ಹಾಂ. ಊಟ ಮಾಡು ಮೊದಲು."

ಈಗ ಅವಳ ವ್ಯವಸ್ಥೆಯಲ್ಲಿ ಮನೆಗೊಂದಲ್ಲ, ಬಾಯಿಗೊಂದು ನಂಬರು. ಫೋನು ಯಾರದಾದರೂ ಇರಲಿ. ಮೊದಲು ಸೇರಿಸಿದ್ದು ಅಜ್ಜಿಯನ್ನು. ಕರೆದು ತೋರಿಸಿದಾಗ ಅಜ್ಜಿ ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿ, "ಇಷ್ಟು ಚಿಕ್ಕದಾಗಾ ಬರೆಯೋದು?" ಎಂದರು. ಅಕ್ಷರ ದೊಡ್ಡದಾಯಿತು.

ಪರೀಕ್ಷೆ ಇನ್ನೂ ಬಂದಿಲ್ಲ. ಬೆಳಗ್ಗೆ ಹೊತ್ತು ಅವಳು ಮುಂದಿನ ಕೋಣೆಯ ಮೇಜಿನ ಹಿಂದೆ ಕೂತು ಓದುತ್ತಿರುತ್ತಾಳೆ. ಒಮ್ಮೆ ಹೋಗಿ ಮಾತಾಡಿಸಿ ಬನ್ನಿ. ನಿಮ್ಮ ಮನೆಯಲ್ಲಿ ಸ್ವಂತ ಫೋನಿಲ್ಲದವರು ಯಾರಾದರೂ ಇದ್ದರೆ ಅವರನ್ನೂ ಕರೆದುಕೊಂಡು ಹೋಗಿ.